ರೋಜಾ ಹೇಳಬೇಕೆಂದಿದ್ದ ಮಾತು

ಗದಗಿನ ಮುಳಗುಂದ ನಾಕಾದಿಂದ ತುಸು ಒಳಗಿದ್ದ ವಾಣಿಶ್ರೀಯವರ ರೊಟ್ಟಿ ಅಂಗಡಿಯಲ್ಲಿ ರೋಜಾ ಮತ್ತು ಬಸವಣ್ಣೆವ್ವ ಅಕ್ಕಪಕ್ಕದ ಒಲೆಗಳ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಬ್ಬಳ ಕೈಸದ್ದು ನಿಂತರೆ ಇನ್ನೊಬ್ಬಳು ತಲೆಯೆತ್ತಿ ನೋಡುವಷ್ಟು ಒಬ್ಬರಿಗೊಬ್ಬರು ಒಗ್ಗಿಹೋಗಿದ್ದರು. ರೋಜಾ ಬೆಟಗೇರಿಯವಳು, ಮುತ್ತಜ್ಜನ ಕಾಲದಿಂದಲೂ ಕ್ರೈಸ್ತರಾಗಿದ್ದ ಮನೆತನದವಳು. ಬಸವಣ್ಣೆವ್ವ ಮುಳಗುಂದದಿಂದ ಬಸ್ಸಿಗೆ ಬರುತ್ತಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಪೂಜೆಯಾಗದೆ ಹನಿ ನೀರನ್ನೂ ಬಾಯಿಗೆ ಹಾಕದವಳು. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ರೋಜಾ ಅವಳನ್ನು ಅಕ್ಕಾ ಎನ್ನುತ್ತಿದ್ದಳು. ಒಡಹುಟ್ಟಿದ ಅಕ್ಕ ರೋಜಾಳಿಗೆ ಇರಲಿಲ್ಲ.

ರೋಜಾಳ ಗಂಡ ಸ್ಯಾಮುವೇಲ ಕಾಮಾಲೆಯಾಗಿ ತೀರಿಕೊಂಡ ಮೇಲೆ ಅವಳು ಕೆಲಸಕ್ಕೆ ಬಂದರೂ ಯಾರೊಡನೆಯೂ ಬಾಯಿ ಬಿಡುತ್ತಿರಲಿಲ್ಲ. ಆಗ ಬಸವಣ್ಣೆವ್ವ ಏನೂ ಕೇಳದೆ ತನ್ನ ಬುತ್ತಿಯನ್ನು ಬಿಚ್ಚಿ ಅವಳ ಮುಂದೆ ಇಡುತ್ತಿದ್ದಳು. ಆ ದಿನಗಳಲ್ಲೇ ರೋಜಾಳಿಗೆ ಯಾರಿಗೂ ಹೇಳಲಾಗದ ಒಂದು ಅನುಭವವಾಗಿತ್ತು. ಅದನ್ನು ಹೇಳುವುದಾದರೆ ಇವಳೊಬ್ಬಳಿಗೇ ಹೇಳಬೇಕು ಅಂದುಕೊಂಡಿದ್ದಳು. ಆದರೆ ಬಾಯಿಗೆ ಬಂದ ಮಾತು ಪ್ರತಿಸಲವೂ ಹಿಂದಕ್ಕೆ ಹೋಗುತ್ತಿತ್ತು.

ಒಂದು ಭಾನುವಾರ ಚರ್ಚಿಗೆ ಬೇರೆ ಊರಿನ ಬೋಧಕರೊಬ್ಬರು ಬಂದರು. ದೇವರಿಂದ ನಿಮಗೆ ಸಿಕ್ಕಿದ್ದನ್ನು ನೀವೊಬ್ಬರೇ ಇಟ್ಟುಕೊಂಡು ಕೂಡಬೇಡಿ, ನಿಮಗೆ ಬೇಕಾದ ಒಬ್ಬರಿಗಾದರೂ ಹೇಳಿ ಎಂದರು. ರೋಜಾಳ ಕಣ್ಣಮುಂದೆ ಬಂದದ್ದು ಒಂದೇ ಮುಖ. ಪಾತ್ರೆ ತಿಕ್ಕುತ್ತ, ಕಸ ಹೊಡೆಯುತ್ತ, ಹೇಗೆ ಶುರು ಮಾಡಲಿ ಎಂದು ತನ್ನಷ್ಟಕ್ಕೇ ಮಾತಾಡಿಕೊಂಡಳು.

ಬಸವಣ್ಣೆವ್ವನ ಮಗಳು ಪ್ರಿಯಾಂಕಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಅದೇ ವಾರ ಮಗಳನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದ ಬಸವಣ್ಣೆವ್ವ ಹಿಟ್ಟು ನಾದುತ್ತ ನಾದುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದೇ ಸಮಯ ಅನ್ನಿಸಿತು ರೋಜಾಳಿಗೆ.

"ಅಕ್ಕಾ, ಒಮ್ಮೆ ನಮ್ಮ ಚರ್ಚಿಗೆ ಬಾ. ಯೇಸುಸ್ವಾಮಿಯನ್ನ ನಂಬಿದ್ರ ಪ್ರಿಯಾಂಕಾಗ ಮಕ್ಕಳಾಗ್ತಾವ."

ಬಸವಣ್ಣೆವ್ವನ ಕೈ ನಿಂತಿತು. "ಏನಂದಿ?"

"ಭಾಳ ಮಂದಿಗೆ ಆಗ್ಯಾವಂತ, ಹೇಳ್ತಾರ..."

"ಇಷ್ಟ ದಿನ ನನ್ನ ಜೋಡಿ ಕುಂತು ಉಂಡಿದ್ದು ಇದಕ್ಕೇನು?" ಬಸವಣ್ಣೆವ್ವನ ದನಿ ಏರಲಿಲ್ಲ, ಅದೇ ರೋಜಾಳಿಗೆ ಹೆಚ್ಚು ಚುಚ್ಚಿತು. "ನನ್ನ ಮಗಳ ಸಂಕಟ ಇಟಕೊಂಡು ನನ್ನ ಕೂಡ ಯವಾರ ಮಾಡಾಕ ಬಂದ್ಯಾ?"

ಹೇಳಬೇಕೆಂದಿದ್ದ ಮಾತು ಅದಾಗಿರಲಿಲ್ಲ. ಅದು ಯಾರದೋ ಬಾಯಿಂದ ಕೇಳಿ ಇಟ್ಟುಕೊಂಡಿದ್ದ ಮಾತು, ತನಗೇ ಪೂರ್ತಿ ನಂಬಿಕೆಯಿಲ್ಲದ್ದು. ಆದರೆ ಆಡಿ ಆಗಿತ್ತು. ಮರುದಿನ ಬಸವಣ್ಣೆವ್ವ ಬಾಗಿಲ ಬಳಿಯ ಒಲೆಗೆ ಹೋಗಿ ಕೂತಳು. ರೋಜಾಳ ಪಕ್ಕದಲ್ಲಿ ಹೊಸ ಹೆಂಗಸೊಬ್ಬಳು ಬಂದು ಕೂತಳು. ಒಳ್ಳೆಯವಳೇ, ಬಾಯಿತುಂಬ ಮಾತಾಡುವವಳೇ. ಆದರೂ ರೋಜಾಳ ಕಿವಿ ಬಾಗಿಲ ಕಡೆಯ ಕೈಸದ್ದನ್ನೇ ಹುಡುಕುತ್ತಿತ್ತು. ಊಟದ ಹೊತ್ತಿಗೆ ಎರಡು ಸಲ ಎದ್ದು ಹೋಗಿ ಹತ್ತಿರ ನಿಂತಳು. ಬಸವಣ್ಣೆವ್ವ ಬುತ್ತಿ ಕಟ್ಟಿಕೊಂಡು ಹೊರಗೆ ನಡೆದಳು.

ಬೇಸಿಗೆ ಕಳೆಯಿತು. ಮಳೆಗಾಲದಲ್ಲಿ ಒಂದು ದಿನ ಬಾಗಿಲ ಬಳಿಯ ಒಲೆ ಉರಿಯಲಿಲ್ಲ. ಮರುದಿನವೂ ಇಲ್ಲ. ರೋಜಾ ಕೇಳಿದ್ದಕ್ಕೆ ವಾಣಿಶ್ರೀ, "ಪ್ರಿಯಾಂಕಾಗ ಬಸರ ನಿಂತಿತ್ತಂತ. ಐದನೇ ತಿಂಗಳದಾಗ ಹೋತು. ಈಗ ತವರಮನ್ಯಾಗದಾಳ," ಎಂದರು.

ರೋಜಾ ಕೆಲಸ ಮುಗಿಸಿ ಮುಳಗುಂದದ ಬಸ್ಸು ಹತ್ತಿದಳು. ಬಾಗಿಲಲ್ಲೇ ನಿಲ್ಲಿಸಿ ವಾಪಸ್ಸು ಕಳಿಸಿದರೆ ಏನು ಮಾಡಲಿ ಎಂದು ದಾರಿಯುದ್ದಕ್ಕೂ ಅಂಜಿದಳು. ಬಸವಣ್ಣೆವ್ವ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಒಳಗೆ ಪ್ರಿಯಾಂಕಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ರೋಜಾ ಕೈಕಾಲು ತೊಳೆದು, ಬಚ್ಚಲಲ್ಲಿ ಬಿದ್ದಿದ್ದ ಪಾತ್ರೆಗಳನ್ನು ತಿಕ್ಕಿದಳು. ಹಿಟ್ಟಿನ ಡಬ್ಬಿ ಹುಡುಕಿ ರೊಟ್ಟಿ ಬಡಿದಳು. ಬದನೆಕಾಯಿ ಪಲ್ಯ ಮಾಡಿ ಪ್ರಿಯಾಂಕಾಳ ತಲೆ ನೇವರಿಸಿ ಎಬ್ಬಿಸಿ ಎರಡು ತುತ್ತು ಉಣ್ಣಿಸಿದಳು. ಆಮೇಲೆ ಬಂದು ಕಟ್ಟೆಯ ಮೇಲೆ ಕೂತಳು.

ಬಸವಣ್ಣೆವ್ವ ಕೇಳಿದಳು: "ಇವತ್ತ ಯಾಕ ಅನವಲ್ಲಿ? ನಂಬಿದ್ರ ಉಳೀತಿತ್ತು ಅಂತ?"

"ತಪ್ಪಾತಕ್ಕಾ. ಹಂಗ ಅನ್ನಬಾರದಿತ್ತು. ಅದು ಖರೆನೂ ಅಲ್ಲ. ಸ್ಯಾಮು ಉಳೀಲಿ ಅಂತ ನಾ ಎಷ್ಟು ಬೇಡಿಕೊಂಡೆ. ಉಳೀಲಿಲ್ಲ."

"ಮತ್ತ ಯಾಕ ಹೋಗ್ತಿ ಅಲ್ಲೆ?"

ಆ ಪ್ರಶ್ನೆಗೆ ರೋಜಾ ಏನೂ ಸಿದ್ಧ ಮಾಡಿಕೊಂಡಿರಲಿಲ್ಲ. ಮಾತು ತಾನಾಗಿ ಬಂತು.

"ಸ್ಯಾಮು ಹೋದ ಮ್ಯಾಲ ಪ್ರಾರ್ಥನಿ ಬಿಟ್ಟಬಿಟ್ಟಿದ್ದೆ ಅಕ್ಕಾ. ಒಂದಿನ ಒಲಿ ಮುಂದ ಹಿಟ್ಟು ನಾದಾಕತ್ತಿದ್ದೆ. ನೀ ಅವತ್ತ ಬಂದಿರಲಿಲ್ಲ. ಮಗ್ಗಲಕ್ಕ ಯಾರೋ ಬಂದು ಕುಂತಂಗಾತು. ಏನೂ ಹೇಳಲಿಲ್ಲ. ಏನೂ ಕೊಡಲಿಲ್ಲ. ನನಗ ಅಳು ಬಂತು, ಅಂವನೂ ನನ್ನ ಕೂಡ ಅಳಾಕತ್ತಾನ ಅನಿಸ್ತು. ಯೇಸುಸ್ವಾಮಿನ ಅಂತ ನನಗ ಗೊತ್ತಾತು, ಹೆಂಗ ಅಂತ ಕೇಳಬ್ಯಾಡ. ಅವತ್ತಿನಿಂದ ನಾ ಒಬ್ಬಾಕಿನ ಅದೀನಿ ಅಂತ ಅನಿಸಿಲ್ಲ. ಇದನ್ನ ನಿನಗ ಹೇಳಬೇಕಂತಿದ್ದೆ. ಬಾಯಾಗ ಬ್ಯಾರೆನ ಬಂತು."

ಓಣಿಯಲ್ಲಿ ಎಮ್ಮೆಗಳು ಮನೆಗೆ ಮರಳುತ್ತಿದ್ದವು.

"ಇದನ್ನ ಹೇಳಿದ್ರ ನಾ ಯಾಕ ಒಲಿ ಬದಲಿ ಮಾಡ್ತಿದ್ದೆ?" ಎಂದಳು ಬಸವಣ್ಣೆವ್ವ. ಆಮೇಲೆ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು, "ಆದ್ರ ರೋಜಾ, ನಾ ನಿಮ್ಮ ಚರ್ಚಿಗೆ ಬರಂಗಿಲ್ಲ. ನಂದು ಇಲ್ಲೈತಿ," ಎಂದಳು.

"ಗೊತ್ತೈತಿ," ಎಂದಳು ರೋಜಾ. "ನೀ ಬರಬೇಕಂತ ನನಗ ಆಸೆ ಐತಿ ಅಕ್ಕಾ. ಇಲ್ಲಂತ ಸುಳ್ಳು ಹೇಳಂಗಿಲ್ಲ."

"ಇರಲಿ ಬಿಡು. ಆಸೆ ಇರಾಕ ಯಾರು ಬ್ಯಾಡಂತಾರ?" ಬಸವಣ್ಣೆವ್ವ ಅವಳ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. "ಪ್ರಿಯಾಂಕಾನ ಹೆಸರ ಹೇಳು ನಿಮ್ಮ ಸ್ವಾಮಿ ಮುಂದ. ನನ್ನ ದೇವರಿಗೆ ನಾ ಹೇಳ್ತೀನಿ."

ಹದಿನೈದು ದಿನ ಬಿಟ್ಟು ಬಸವಣ್ಣೆವ್ವ ಕೆಲಸಕ್ಕೆ ಬಂದಳು. ಬಾಗಿಲ ಬಳಿ ಹೋಗದೆ, ಹೊಸ ಹೆಂಗಸನ್ನು ಎಬ್ಬಿಸಿ ರೋಜಾಳ ಮಗ್ಗುಲಲ್ಲೇ ಕೂತಳು. ಮತ್ತೆ ಇಬ್ಬರೂ ಬುತ್ತಿ ಬಿಚ್ಚಿ ಉಂಡರು. ಆಗಾಗ ಬಸವಣ್ಣೆವ್ವ ತಾನಾಗಿಯೇ, "ನಿಮ್ಮ ಸ್ವಾಮಿ ಅಳತಿದ್ದನೇನು ಖರೆ?" ಎಂದು ಕೇಳುವಳು. ರೋಜಾ ಗೊತ್ತಿದ್ದಷ್ಟು ಹೇಳುವಳು. ಅಲ್ಲಿಗೆ ಮುಗಿಯುತ್ತಿತ್ತು.

ಭಾನುವಾರ ರೋಜಾ ಚರ್ಚಿನಲ್ಲಿ ಕಣ್ಣು ಮುಚ್ಚಿ ಪ್ರಿಯಾಂಕಾಳ ಹೆಸರು ಹೇಳಿದಳು. ನಂತರ ಬಸವಣ್ಣೆವ್ವನ ಹೆಸರು. ಅವಳಿಗಾಗಿ ಏನು ಬೇಡಬೇಕೋ ತಿಳಿಯದೆ ಹೆಸರನ್ನೇ ಮತ್ತೆ ಮತ್ತೆ ಹೇಳಿದಳು. ಕಣ್ಣು ತೆರೆದಾಗ ತಡವಾಗಿ ಬಂದ ಮುದುಕಿಯೊಬ್ಬಳು ಬೆಂಚಿನ ಪಕ್ಕ ನಿಂತಿದ್ದಳು.

"ಇಲ್ಲೆ ಯಾರರ ಬರಾವರದಾರೇನವಾ?"

ರೋಜಾ ಒಮ್ಮೆ ಬಾಗಿಲ ಕಡೆ ನೋಡಿದಳು. ಹೊರಗೆ ಬಿಸಿಲು ಬಿದ್ದಿತ್ತು.

"ಇಲ್ಲ ಬಿಡಬೇ, ಕುಂಡ್ರು," ಎಂದು ಸರಿದು ಜಾಗ ಮಾಡಿಕೊಟ್ಟಳು.