ಸಾವ್ಕಾರರ ಕಾರಿನ ಟಾಪು

ರುದ್ರಮುನಿ ಸಾವ್ಕಾರರ ಮನೆಯಲ್ಲಿ ತೆರೆದ ಕಾರಿತ್ತು ಎಂದು ದಾವಣಗೆರೆಯ ಹಳಬರು ಇವತ್ತಿಗೂ ಹೇಳುತ್ತಾರೆ. ತೆರೆದ ಕಾರಂತೆ ತೆರೆದ ಕಾರು! ಗಂಡಸರಿಗೆ ತೆರೆದದ್ದು ಅನ್ನಿ. ಸಾವ್ಕಾರರು ಮಂಡಿಪೇಟೆಗೆ ಹೊರಟರೆ ಬಟ್ಟೆಯ ಟಾಪು ಮಡಚಿ ಹಿಂದಕ್ಕೆ ಬೀಳುತ್ತಿತ್ತು, ಅವರ ಜರಿಯಂಚಿನ ರುಮಾಲು ಊರಿಗೆಲ್ಲ ಕಾಣುತ್ತಿತ್ತು. ಅದೇ ಕಾರಿಗೆ ಮನೆಯ ಹೆಂಗಸರು ಹತ್ತುತ್ತಾರೆ ಅಂದರೆ ಸಾಕು, ಡ್ರೈವರ್ ಬೋರಣ್ಣ ಓಡಿ ಬಂದು ಕಬ್ಬಿಣದ ಕಮಾನುಗಳನ್ನು ಎತ್ತಿ, ಟಾಪು ಎಳೆದು, ಮುಂದಿನ ಗಾಜಿನ ಚೌಕಟ್ಟಿಗೆ ಕೊಂಡಿ ಸಿಗಿಸಿಬಿಡುತ್ತಿದ್ದ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೆಂಗಸರು ಹೊಸಿಲು ದಾಟಿದರೆ ಟಾಪು ಮೇಲೆ, ಅದು ಆ ಮನೆಯ ಪದ್ಧತಿ.

ಸಾವ್ಕಾರರ ಮಗಳು ಸರ್ವಮಂಗಳಮ್ಮ ಚಿಕ್ಕಂದಿನಲ್ಲಿ ಎಷ್ಟು ಸಲ ಆ ಕಾರಿನಲ್ಲಿ ಹರಿಹರಕ್ಕೆ ಹೋಗಿ ಬಂದಳೋ, ಅಷ್ಟು ಸಲವೂ ಬೆಂದು ಬಂದಿದ್ದಾಳೆ. ಬಿಸಿಲಿಗೆ ಕಾದ ಕ್ಯಾನ್ವಾಸಿನ ವಾಸನೆ, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುವ ಅವ್ವ, ನೋಡಲಿಕ್ಕೆ ಹಿಂದೆ ಒಂದು ಹಳದಿಗಟ್ಟಿದ ಪ್ಲಾಸ್ಟಿಕ್ ಕಿಂಡಿ. ಒಮ್ಮೆ ಬಾತಿ ಕೆರೆ ಹತ್ತಿರ, "ಅಪ್ಪಾಜಿ, ಟಾಪ್ ತೆಗಸ್ರಿ, ಗಾಳಿ ಬರ್ಲಿ" ಅಂದಳು. "ಗಾಳಿ ಬೇಕಾದ್ರೆ ಮನ್ಯಾಗೆ ಬೀಸಣಿಗೆ ಐತೆ" ಅಂದರು ಸಾವ್ಕಾರರು. ಅಣ್ಣ ಕರಿಬಸವರಾಜ ಮಾತ್ರ ಗಂಡಸರ ಸವಾರಿಯಿದ್ದ ದಿನ ಹಿಂದಿನ ಸೀಟಿನ ಮೇಲೆ ನಿಂತು, ಎರಡೂ ಕೈ ಚಾಚಿಕೊಂಡು ಹೋಗಿ ಬರುತ್ತಿದ್ದ. ಬಂದವನು ಸುಮ್ಮನಿರಬೇಕಲ್ಲ? "ಕೆರೆ ಮ್ಯಾಲಿನ ಗಾಳಿ ಹೆಂಗಿರ್ತೈತೆ ಗೊತ್ತೇನೇ ಮಂಗಳಾ, ಬಾಯಿ ತೆಗೆದ್ರೆ ಹೊಟ್ಟೆ ತುಂಬತೈತೆ" ಎಂದು ವರ್ಣಿಸುತ್ತಿದ್ದ. ಅವಳ ಹೊಟ್ಟೆ ಉರಿಯುತ್ತಿತ್ತು.

ಆ ಉರಿ ಅರವತ್ತು ದಾಟಿದರೂ ಆರಲಿಲ್ಲ. ಹರಿಹರಕ್ಕೆ ಮದುವೆಯಾಗಿ ಬಂದಳು, ಸಹಕಾರಿ ಬ್ಯಾಂಕಿನಲ್ಲಿ ದುಡಿದಳು, ಗಂಡನನ್ನು ಮಣ್ಣಿಗಿಟ್ಟಳು, ರಿಟೈರ್ ಆದಳು. ಅಷ್ಟರಲ್ಲಿ ಕರಿಬಸವರಾಜ ದಾವಣಗೆರೆಯ ಹಳೆ ಹತ್ತಿ ಗೋದಾಮು ಕೆಡವಿಸಿ ಮಳಿಗೆ ಕಟ್ಟಿಸಲು ಹೊರಟ. ಗೋದಾಮಿನ ಮೂಲೆಯಲ್ಲಿ ಕಾರು ಧೂಳು ತಿನ್ನುತ್ತ ನಿಂತಿತ್ತು, ಟಾಪು ಇಲಿ ಕಡಿದು ಜೋತುಬಿದ್ದಿತ್ತು. "ಗುಜರಿಗೆ ಹಾಕ್ತೀನಿ, ನಿನಗ ಬೇಕಾದ್ರೆ ಒಯ್ಯಿ" ಅಂದ ತಂಗಿಗೆ. ಅವನು ನಗೆಚಾಟಿಕೆಗೆ ಅಂದದ್ದು. ಅವಳು ಮರುದಿನವೇ ಲಾರಿ ತಂದು ನಿಲ್ಲಿಸಿದಳು, ಕಾಗದಪತ್ರವನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಳು.

ಹುಚ್ಚು ಅಂದರು. ಅನ್ನಲಿ ಬಿಡಿ, ಅನ್ನುವವರಿಗೆ ಬೇರೆ ಕೆಲಸ ಏನಿದೆ? ಅವಳು ಡ್ರೈವಿಂಗ್ ಕಲಿತಳು. ಇಂಜಿನ್ನು, ಬ್ರೇಕು, ಬಣ್ಣ ಎಲ್ಲ ಒಂದೊಂದಾಗಿ ಮಾಡಿಸಿದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ. ಟಾಪು ಹಿಂದಕ್ಕೆ ಮಡಚಿ, ತಾನೇ ಸ್ಟೇರಿಂಗ್ ಹಿಡಿದು, ಹಾಡಹಗಲು ಬಾತಿ ಕೆರೆಯ ಪಕ್ಕ ಹಾದು, ಮಂಡಿಪೇಟೆಯ ನಡುವೆ ನಿಧಾನಕ್ಕೆ ಓಡಿಸಿಕೊಂಡು ಹೋಗಿ, ಪಿ.ಜೆ. ಬಡಾವಣೆಯ ಅಣ್ಣನ ಮನೆ ಮುಂದೆ ಹಾರ್ನ್ ಹೊಡೆಯಬೇಕು. ತಲೆಯ ಮೇಲೆ ಆಕಾಶ ಬಿಟ್ಟರೆ ಬೇರೇನೂ ಇರಬಾರದು. ಅದನ್ನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ನಗುತ್ತಾರೆಂದು.

ಟಾಪಿಗೆ ಹರಿಹರದಲ್ಲಿ ಮಕ್ತುಮ್ ಸಾಬರನ್ನು ಬಿಟ್ಟರೆ ಇಲ್ಲ ಅಂದರು. ಜೀಪು, ಆಟೋ, ಟ್ರ್ಯಾಕ್ಟರು ಎಲ್ಲದಕ್ಕೂ ಟಾಪು ಹೊಲಿಯುವ ಕೈ. ಸಾಬರು ಕಾರಿನ ಸುತ್ತ ಸುತ್ತು ಹಾಕಿ, ಹಳೆ ಬಟ್ಟೆಗೆ ಬೆರಳು ತಾಗಿಸಿದರೆ ಅದು ಪುಡಿಪುಡಿಯಾಗಿ ಉದುರಿತು.

"ಹೆಂಗ್ ಮಾಡಾಣ್ರಿ ಅಮ್ಮಾರೆ?"

"ಮೊದ್ಲು ಹೆಂಗಿತ್ತೋ ಹಂಗೇ ಆಗ್ಬೇಕು ನೋಡ್ರಿ ಸಾಬ್ರೆ."

"ಆತು ಬಿಡ್ರಿ. ಆದ್ರೆ ಅವಸರ ಮಾಡಬ್ಯಾಡ್ರಿ. ಕ್ಯಾನ್ವಾಸು ಬಿಸಿಲಾಗೆ ಎಳೆದು ಕೂಡಿಸ್ಬೇಕು. ನೆಳ್ಳಾಗೆ ಕೂಡಿಸಿದ್ರೆ ಆಮ್ಯಾಲೆ ಜೋಲು ಬೀಳ್ತೈತೆ."

ಬಟ್ಟೆ ಬೆಂಗಳೂರಿನಿಂದ ಬರಬೇಕಿತ್ತು. ಅವಳು ಮೆರೂನ್ ಬಣ್ಣ ಕೇಳಿದಳು, ಸಾಬರು ಬಣ್ಣ ಬಿಡುತ್ತದೆ ಎಂದು ಮೂಗು ಮುರಿದರು, ಕೊನೆಗೆ ಕಡುನೀಲಿಗೆ ಇಬ್ಬರೂ ಒಪ್ಪಿದರು. ಅಷ್ಟರಲ್ಲಿ ಸಾಬರು ಕಮಾನುಗಳ ತುಕ್ಕು ಉಜ್ಜಿ, ಕೀಲುಗಳಿಗೆ ಎಣ್ಣೆ ಬಿಟ್ಟು, "ಒಂದ್ಸಲ ಎತ್ತಿ ನೋಡ್ರಿ" ಅಂದರು. ಸರ್ವಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಮಾನು ಎತ್ತಿದಳು. ಬಟ್ಟೆಯಿಲ್ಲದ ಬರೀ ಕಬ್ಬಿಣದ ಅಸ್ಥಿಪಂಜರ ಕಿರ್ರನೆ ಎದ್ದು ನಿಂತಿತು. ಹಿಂದಕ್ಕೆ ತಳ್ಳಿದಳು, ಮಡಚಿಕೊಂಡು ಹಿಂದೆ ಮಲಗಿತು. ಮತ್ತೆ ಎತ್ತಿದಳು, ಮತ್ತೆ ಮಲಗಿಸಿದಳು. ಬೋರಣ್ಣ ಒಬ್ಬನೇ ಮಾಡುತ್ತಿದ್ದ ಕೆಲಸ ಇಷ್ಟು ಸುಲಭದ್ದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವತ್ತು ಮನೆಗೆ ಬಂದು ಒಬ್ಬಳೇ ನಕ್ಕಳು, ಅಷ್ಟು ಖುಷಿ.

ಬಟ್ಟೆ ಬಂದ ವಾರ ಅವಳು ಕುಕ್ಕುವಾಡದಲ್ಲಿ ಸಂಬಂಧಿಕರ ಗೃಹಪ್ರವೇಶದ ಊಟಕ್ಕೆ ಕೂತಿದ್ದಳು. ಹೋಳಿಗೆಗೆ ತುಪ್ಪ ಬಿದ್ದಿತ್ತು, ಸುತ್ತ ಸಂತೆಯಂಥ ಗದ್ದಲ. ಸಾಬರ ಫೋನು ಬಂತು.

"ಅಮ್ಮಾರೆ, ನಿಮ್ಮ ಅಣ್ಣಾರು ಅಂಗಡಿಗೆ ಬಂದಿದ್ರು. ಗಾಡಿ ನೋಡಿದ್ರು. ಟಾಪ್ ಫಿಕ್ಸ್ ಮಾಡಿಬಿಡ್ರಿ ಅಂದ್ರು. ಗಾಡಿ ನಿಮ್ದು, ನಿಮ್ಮನ್ನ ಒಂದು ಮಾತು ಕೇಳಾಣ ಅಂತ. ಫಿಕ್ಸ್ ಮಾಡ್ಲೇನ್ರಿ?"

ಅವಳ ಎದೆ ತುಂಬಿ ಬಂತು. ಗುಜರಿಗೆ ಹಾಕುತ್ತೇನೆ ಅಂದಿದ್ದ ಅಣ್ಣ ದಾವಣಗೆರೆಯಿಂದ ಹರಿಹರಕ್ಕೆ ಬಂದು, ಸಾಬರ ಅಂಗಡಿ ಹುಡುಕಿ, ಕೆಲಸ ಬೇಗ ಮುಗಿಸಿರಿ ಎಂದು ಹೇಳಿ ಹೋಗಿದ್ದಾನೆ!

"ಅಣ್ಣ ಬಂದಿದ್ನಾ? ಅಂವ ಹೇಳಿದ ಮ್ಯಾಲೆ ತಡ ಯಾಕ್ರಿ? ಫಿಕ್ಸ್ ಮಾಡ್ರಿ, ಲಗೂನ ಮಾಡ್ರಿ!"

"ಆಮ್ಯಾಲೆ ಬದಲು ಮಾಡಾಕಾಗಲ್ರಿ ಮತ್ತೆ."

"ಬದಲು ಯಾಕ ಮಾಡ್ಲಿ? ನೀಲಿನೇ ಇರ್ಲಿ" ಎಂದು ನಗುತ್ತ ಫೋನಿಟ್ಟಳು. ಪಕ್ಕದವರಿಗೆಲ್ಲ ಹೇಳಿದ್ದೇ ಹೇಳಿದ್ದು: ನಮ್ಮಣ್ಣ ಬಾಯಲ್ಲಿ ಏನಾದರೂ ಅನ್ನಲಿ, ಕರುಳು ಎಲ್ಲಿ ಹೋಗುತ್ತೆ ಹೇಳಿ.

ಕೆಲಸ ಮುಗಿದ ದಿನ ಅವಳು ಹೊಸ ಇಳಕಲ್ ಸೀರೆ ಉಟ್ಟು ಅಂಗಡಿಗೆ ಹೋದಳು. ಅಬ್ಬಬ್ಬಾ, ಏನು ಚಂದ ಇತ್ತು ಕಾರು! ನೀಲಿ ಕ್ಯಾನ್ವಾಸು ಎಲ್ಲೂ ಒಂದು ಸುಕ್ಕಿಲ್ಲದೆ ಬಿಗಿಯಾಗಿ ಕೂತಿತ್ತು. ಅಂಚಿಗೆ ಜೋಡಿ ಹೊಲಿಗೆ, ಹಿಂದೆ ಹೊಸ ಪ್ಲಾಸ್ಟಿಕ್ ಕಿಂಡಿ. ಅವಳು ಅಂಗೈಯಿಂದ ಸವರಿ ತಟ್ಟಿದಳು. ಒಳಗಿನಿಂದ ಗಟ್ಟಿ ತಗಡಿನ ಸದ್ದು ಬಂತು. ಅದೇನೆಂದು ಆಗ ಅವಳಿಗೆ ಹೊಳೆಯಲಿಲ್ಲ.

"ಭಾಳ ಚಲೋ ಆಗೈತ್ರಿ ಸಾಬ್ರೆ. ಈಗ ತೆಗೀರಿ ನೋಡಾಣ."

"ಏನು ತೆಗೀಲ್ರಿ?"

"ಟಾಪು. ಮಡಚ್ರಿ, ಹಂಗೇ ಓಡಿಸ್ಕೊಂಡು ಹೋಗ್ತೀನಿ."

ಸಾಬರು ತಮಾಷೆಯೆಂದು ತಿಳಿದು ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು.

"ಮಡಚೋದು ಹೆಂಗ್ರಿ ಅಮ್ಮಾರೆ? ಫಿಕ್ಸ್ ಅಲ್ಲೇನ್ರಿ ಇದು? ನೀವೇ ಫಿಕ್ಸ್ ಮಾಡ್ರಿ ಅಂದ್ರಲ್ಲ."

"ಫಿಕ್ಸ್ ಅಂದ್ರೆ ಕೂಡಿಸ್ರಿ ಅಂತ!"

"ಕೂಡಿಸೋದಕ್ಕೆ ನಾವು ಕೂಡಿಸೋದು ಅಂತೀವ್ರಿ. ಟಾಪಿನಾಗೆ ಎರಡೇ ನಮೂನೆ. ಒಂದು ಫೋಲ್ಡಿಂಗು, ಒಂದು ಫಿಕ್ಸು. ಅಣ್ಣಾರು ಫೋಲ್ಡಿಂಗ್ ಬ್ಯಾಡ, ಹೆಣ್ಣುಮಕ್ಕಳ ಗಾಡಿ, ಫಿಕ್ಸ್ ಮಾಡಿಬಿಡ್ರಿ ಅಂದ್ರು. ನಂಗೂ ಅನುಮಾನ ಬಂತು, ಅದಕ್ಕೇ ನಿಮ್ಗೆ ಫೋನ್ ಹಚ್ಚಿದ್ದು."

ಸರ್ವಮಂಗಳಮ್ಮ ಕಾರಿನ ಬಾಗಿಲು ತೆಗೆದು ಒಳಗೆ ತಲೆ ಹಾಕಿದಳು. ಕಮಾನಿನ ಒಂದೊಂದು ಕೀಲಿಗೂ ವೆಲ್ಡಿಂಗಿನ ಗಂಟು. ಮೇಲೆ ತಗಡಿನ ಶೀಟು, ಅದರ ಮೇಲೆ ಬಟ್ಟೆ. ಅಂಚಿನ ಸುತ್ತ ರಿವೀಟುಗಳು ಸಾಲಾಗಿ ಕಾರಿನ ಮೈಗೆ ಕಚ್ಚಿಕೊಂಡಿದ್ದವು. ಅವಳು ಎರಡೂ ಕೈಯಿಂದ ಕಮಾನು ಹಿಡಿದು ಮೇಲೆ ತಳ್ಳಿದಳು. ಇಡೀ ಕಾರು ಅಲುಗಿತು, ಟಾಪು ಮಿಸುಕಲಿಲ್ಲ.

"ಬಿಚ್ರಿ ಇದನ್ನ."

"ಬಿಚ್ಚಿದ್ರೆ ಬಾಡಿ ಹರೀತೈತ್ರಿ, ಹಳೇ ತಗಡು. ಕೀಲು ಕತ್ತರಿಸಿದ್ರೆ ಕಮಾನು ಹೋಗ್ತೈತೆ. ಈ ಗಾಡಿ ಕಮಾನು ಈಗೆಲ್ಲಿ ಹುಡುಕಿದ್ರೂ ಸಿಗಲ್ಲ. ಆಮ್ಯಾಲೆ ಮ್ಯಾಲೆ ಹಾಕೋಕೆ ಏನೂ ಇರಲ್ಲ, ಮಳೆಗಾಲದಾಗೆ ಕಾರು ನೀರು ತುಂಬೋ ಬಾನಿ ಆಗ್ತೈತೆ."

ಅವಳು ಬೈದಳು. ಬಾಯಿಗೆ ಬಂದದ್ದೆಲ್ಲ ಬೈದಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡುವಷ್ಟು ಬೈದಳು. ಸಾಬರು ಕತ್ತರಿ ಕೆಳಗಿಟ್ಟು, "ಕೇಳಿದ ಮ್ಯಾಲೇನೇ ಮಾಡಿದ್ದು ಅಮ್ಮಾರೆ. ಬದಲು ಮಾಡಾಕಾಗಲ್ಲ ಅಂತಾನೂ ಹೇಳಿದ್ದೆ" ಅಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಹೊಲಿಗೆಗೆ ಒಂದು ಒಳ್ಳೆಯ ಮಾತು ಕೇಳಲು ಬೆಳಗಿನಿಂದ ಕಾದಿದ್ದ ಮನುಷ್ಯ.

ಬೈಗುಳ ಮುಗಿದ ಮೇಲೆ ಉಳಿದದ್ದು ಅವಳದೇ ಧ್ವನಿ. ಲಗೂನ ಮಾಡ್ರಿ! ಹೋಳಿಗೆ ಮುಂದೆ ಕೂತು, ನಗುನಗುತ್ತ, ಅಣ್ಣ ಹೇಳಿದ್ದಾನೆ ಎಂಬ ಒಂದೇ ಸಂಭ್ರಮಕ್ಕೆ, ಎರಡು ಸಲ ಹೇಳಿದ್ದಳು. ಅಣ್ಣ ಏನು ಹೇಳಿದ, ಯಾಕೆ ಹೇಳಿದ ಎಂದು ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಕೇಳಲಿಲ್ಲ. ಅಪ್ಪ ಇದ್ದಾಗ ಅಪ್ಪನ ಮಾತು, ಆಮೇಲೆ ಅಣ್ಣನ ಮಾತು, ಕೇಳುವ ಮೊದಲೇ ಹೂಂ ಅನ್ನುವುದು ನಾಲಿಗೆಗೆ ರೂಢಿಯಾಗಿತ್ತು. ಅವಳಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯ ಹುಟ್ಟಿತು.

ಕಾರು ಹತ್ತಿ ನೆಟ್ಟಗೆ ದಾವಣಗೆರೆಯ ದಾರಿ ಹಿಡಿದಳು. ಮೆರೆಯಲಿಕ್ಕಲ್ಲ, ಜಗಳಕ್ಕೆ. ಟಾಪಿನ ತಗಡು ಕಾದು ಒಳಗೆ ಒಲೆಯ ಮುಂದೆ ಕೂತಂತಾಯಿತು. ಬಾತಿ ಕೆರೆ ಬಂತು, ಪಕ್ಕದ ಕಿಟಕಿಯಿಂದ ಒಂದಿಷ್ಟು ಗಾಳಿ ಬಂದು ಕಿವಿ ಸವರಿ ಹೋಯಿತು. ಅವಳು ಆ ಕಡೆ ನೋಡಲಿಲ್ಲ. ಮಂಡಿಪೇಟೆಯ ಕಡೆಗೆ ತಿರುಗಲೂ ಇಲ್ಲ. ತೋರಿಸಲಿಕ್ಕೆ ಏನಿತ್ತು?

ಅಣ್ಣನ ಮನೆಯ ಗೇಟಿನಲ್ಲಿ ಕರಿಬಸವರಾಜ ಆಗಲೇ ನಿಂತಿದ್ದ. ಸಾಬರೇ ಫೋನು ಮಾಡಿರಬೇಕು. ಅತ್ತಿಗೆ ನಿರ್ಮಲಮ್ಮನ ಕೈಯಲ್ಲಿ ಆರತಿ ತಟ್ಟೆ, ಅವನ ಕೈಯಲ್ಲಿ ತೆಂಗಿನಕಾಯಿ. ಅಕ್ಕಪಕ್ಕದ ಹೆಂಗಸರೂ ಬಂದಿದ್ದರು. ಕಾರು ನಿಂತದ್ದೇ ಅವನು ಟಾಪಿನ ಮೇಲೆ ಕೈಯಿಟ್ಟು, "ಅಪ್ಪ ಬಂದಂಗಾತು ನೋಡು" ಅಂದ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಸುಳ್ಳಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಕೆಟ್ಟವನ ಮೇಲೆ ಹಾರಾಡಬಹುದು, ಪ್ರೀತಿಯಿಂದ ಕತ್ತು ಹಿಚುಕುವವನ ಮೇಲೆ ಹೇಗೆ ಹಾರಾಡುವುದು?

"ಎಂಥ ಅಣ್ಣ ಸಿಕ್ಕಾರೆ ನೋಡು ಮಂಗಳಾ, ಪುಣ್ಯ ಮಾಡಿದ್ದಿ. ತಾವೇ ಹೋಗಿ ನಿಂತು ಹೇಳಿ ಬಂದಾರೆ" ಅಂದಳು ನಿರ್ಮಲಮ್ಮ. ಹೆಂಗಸರು ಹೌದು ಹೌದು ಅಂದರು.

"ಖುಷಿ ಆತೇನು?" ಅಂದ ಅಣ್ಣ.

"ಇಲ್ಲ."

ಆರತಿ ತಟ್ಟೆ ಅಲ್ಲೇ ನಿಂತಿತು.

"ನನ್ನ ಗಾಡಿ ಟಾಪಿಗೆ ನೀನ್ಯಾಕ ಬೆಸುಗೆ ಹಾಕ್ಸಿದಿ ಅಣ್ಣ?"

"ಏ ಹುಚ್ಚಿ, ನಿನ್ನ ಒಳ್ಳೇದಕ್ಕಲ್ಲೇನು? ಒಬ್ಬಾಕಿ ಓಡಾಡ್ತಿ. ಫೋಲ್ಡಿಂಗ್ ಇದ್ರೆ ಒಂದಿನ ತೆಗಿಯೋ ಮನಸ್ಸಾಗ್ತೈತೆ. ಜನ ನೋಡ್ತಾರೆ."

"ನೋಡ್ಲಿ ಅಂತಾನೇ ಮಾಡ್ಸಿದ್ದು ನಾನು! ನೀನು ಸೀಟಿನ ಮ್ಯಾಲೆ ನಿಂತು ಹೋಗ್ತಿದ್ದಾಗ ಜನ ನೋಡಿರ್ಲಿಲ್ಲೇನು? ಒಂದ್ಸಲ, ಒಂದೇ ಒಂದ್ಸಲ ನಾನೂ ಹಂಗೆ ಊರಾಗೆ ಬರ್ಬೇಕಂತ ಇಷ್ಟು ವರ್ಷ ಹೊಟ್ಟ್ಯಾಗೆ ಇಟ್ಕೊಂಡಿದ್ದೆ."

"ನಾನು ಗಂಡಸು, ಆಗ ಹುಡುಗ. ನಮ್ಮ ಮನಿ ಹೆಣ್ಣುಮಕ್ಕಳು ಯಾವತ್ತಾದ್ರೂ ಹಂಗೆ ತೆರೆದ ಗಾಡ್ಯಾಗೆ ಕೂತು ಹೋಗ್ಯಾರೇನು, ನೀನೇ ಹೇಳು."

"ಹೋಗ್ಯಾಳಲ್ಲ. ಅವ್ವ ಹೋಗ್ಯಾಳೆ. ನೀನೇ ಕರ್ಕೊಂಡು ಹೋದಿ. ಟ್ರ್ಯಾಕ್ಟರ್ ಮ್ಯಾಲೆ ಕುರ್ಚಿ ಹಾಕಿ, ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಭಜನೆಯವರನ್ನ ಮುಂದೆ ಬಿಟ್ಟು, ಮಂಡಿಪೇಟೆ ತುಂಬಾ ಮೆರೆಸ್ಕೊಂಡು ಹೋದಿ. ಊರಿಗೂರೇ ನೋಡ್ತು. ಆವತ್ತು ಯಾಕ ಟಾಪ್ ಹಾಕ್ಲಿಲ್ಲ?"

"ಅದು ಬ್ಯಾರೆ ಮಾತು, ಮಂಗಳಾ. ಅವ್ವ ಸತ್ತಿದ್ಲು."

"ಹ್ಞೂ. ಹಂಗಾದ್ರೆ ನಾನೂ ಆವತ್ತಿನ ತನಕ ಕಾಯ್ಬೇಕು ಅನ್ನು."

ನಿರ್ಮಲಮ್ಮ "ಬಿಡ್ತು ಅನ್ನು, ಬಿಡ್ತು ಅನ್ನು" ಎಂದು ಬಡಬಡಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕರಿಬಸವರಾಜ, ಪೂಜೆಯ ಹೊತ್ತು ಮೀರುತ್ತದೆ ಎಂದು ಗೊಣಗಿ, ಬಗ್ಗಿ ಕಾರಿನ ಚಕ್ರದ ಮುಂದೆ ತೆಂಗಿನಕಾಯಿ ಒಡೆದ.