ಫೋಟೊದಲ್ಲಿ ಇಲ್ಲದ ಗಂಟು

ಕನ್ನಡಕದಂಗಡಿಯ ಅಕ್ಕನ ಮುಖ ಆ ಬೀದಿಗೆಲ್ಲ ಗೊತ್ತಿತ್ತು. ಪ್ರತಿ ವರ್ಷ ಹೊಸ ಫ್ರೇಮುಗಳು ಬಂದಾಗ ಗಂಡ ಒಂದನ್ನು ಅವಳ ಮೂಗಿಗೇರಿಸಿ, ಪಕ್ಕದ ಸ್ಟುಡಿಯೊದಲ್ಲಿ ಫೋಟೊ ತೆಗೆಸಿ, ಅಂಗಡಿಯ ಗಾಜಿನ ಹಿಂದೆ ದೊಡ್ಡದಾಗಿ ಅಂಟಿಸುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇವನಿಗೆ ಮಾತ್ರ ಹಿತ್ತಲ ಗಿಡವೇ ಜಾಹೀರಾತು. ಈಗ ಅಲ್ಲಿ ಸಾಲಾಗಿ ನಾಲ್ಕು ವರ್ಷದ ನಾಲ್ಕು ಮುಖಗಳಿದ್ದವು.

ಎಡಗಣ್ಣಿನ ಕೆಳರೆಪ್ಪೆಯಲ್ಲಿ, ಮೂಗಿನ ಕಡೆಯ ಮೂಲೆಗೆ, ಏನೋ ಗಂಟಿದೆ ಎಂದು ಅವಳಿಗೆ ಗೊತ್ತಾಗಿದ್ದು ವರ್ಷದ ಹಿಂದೆ, ಅದೂ ಬೆರಳಿಗೆ ತಾಗಿ. ಕನ್ನಡಕ ತೆಗೆದರೆ ಅವಳಿಗೆ ಕನ್ನಡಿ ಮಂಜು, ಹಾಕಿಕೊಂಡರೆ ಆ ಜಾಗಕ್ಕೆ ಅವಳ ದಿನಬಳಕೆಯ ದಪ್ಪ ಫ್ರೇಮು ಅಡ್ಡ. ನೋವಿರಲಿಲ್ಲ. ಆಗಾಗ ಹಕ್ಕಳೆ ಕಟ್ಟಿ, ಮುಖ ಒರೆಸಿಕೊಂಡಾಗ ಟವೆಲ್ಲಿಗೆ ಒಂದು ಚುಕ್ಕೆ ರಕ್ತ ಹತ್ತುತ್ತಿತ್ತು. ಅಲ್ಲಿನ ರೆಪ್ಪೆಗೂದಲು ಉದುರಿತ್ತು. ಗಂಡನನ್ನು ಕೇಳಿದರೆ ಕಣ್ಣಿನ ಕುರು ಕಣೆ, ಬಿಸಿ ಬಟ್ಟೆ ಒತ್ತಿಕೋ ಅನ್ನುತ್ತಿದ್ದ. ದಿನಕ್ಕೆ ಹತ್ತಾರು ಕಣ್ಣು ನೋಡುವವನ ಮಾತು. ಅವಳು ವರ್ಷವಿಡೀ ಒತ್ತಿಕೊಂಡಳು.

ರಕ್ತ ನಿಲ್ಲದಿದ್ದಾಗ ತಾನೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ ಚರ್ಮದ ಕ್ಯಾನ್ಸರ್. ಇದು ದೂರ ಹರಡುವುದು ಅಪರೂಪ, ಆದರೆ ಇದ್ದಲ್ಲೇ ಒಳಗೊಳಗೆ ತಿನ್ನುತ್ತದೆ, ಕಣ್ಣಿನ ಮೂಲೆಯಲ್ಲಂತೂ ಬೇಗ ಆಳಕ್ಕಿಳಿಯುತ್ತದೆ ಎಂದು ಅವರು ಬಿಡಿಸಿ ಹೇಳಿದರು. ರೆಪ್ಪೆಯಲ್ಲೇ ಇದ್ದರೆ ಅಷ್ಟು ಭಾಗ ತೆಗೆದು, ಬೇರೆ ಚರ್ಮ ತಂದು ರೆಪ್ಪೆ ಕಟ್ಟಬಹುದು. ಕಣ್ಣಿನ ಗೂಡಿಗೆ ಇಳಿದಿದ್ದರೆ ಕಣ್ಣನ್ನೇ ತೆಗೆಯಬೇಕು. ಅದನ್ನು ಸ್ಕ್ಯಾನ್ ಹೇಳುತ್ತದೆ. ಎಷ್ಟು ಕಾಲದಿಂದ ಬೆಳೆದಿದೆ ತಿಳಿಯಲು ಹಳೆಯ ಫೋಟೊ ಇದ್ದರೆ ತನ್ನಿ ಎಂದರು.

ಫೋಟೊಗೇನು ಬರ? ಅಂಗಡಿಗೆ ಬಂದು ಗಾಜಿನ ಮುಂದೆ ನಿಂತಳು. ನಾಲ್ಕರಲ್ಲೂ ರೆಪ್ಪೆ ನಯವಾಗಿತ್ತು. ಹಾಗಾದರೆ ಹೊಸದೇ ಎಂದು ಉಸಿರು ಬಿಡುವಷ್ಟರಲ್ಲಿ ಕೊನೆಯದರ ಮೇಲೆ ಕಣ್ಣು ನಿಂತಿತು. ಅದು ತೆಗೆಸಿ ಎರಡು ತಿಂಗಳೂ ಆಗಿರಲಿಲ್ಲ. ಆ ಹೊತ್ತಿಗೆ ಗಂಟು ಬಟಾಣಿಯಷ್ಟಿತ್ತು.

ಪಕ್ಕದ ಸ್ಟುಡಿಯೊಗೆ ಹೋಗಿ ಕೇಳಿದಾಗ ಅಲ್ಲಿನವನು ಕಂಪ್ಯೂಟರ್ ತೆರೆದು ಮೂಲ ಚಿತ್ರಗಳನ್ನು ತೋರಿಸಿದ. ಮೊದಲ ವರ್ಷದಲ್ಲಿ ಗಂಟು ಸಾಸಿವೆಯಷ್ಟು. ಮರುವರ್ಷ ಜೋಳದ ಕಾಳು, ಮುತ್ತಿನ ಹೊಳಪು. ಆಮೇಲೆ ನಡುವೆ ಕುಳಿ ಬಿದ್ದು ಅಂಚು ಎದ್ದಿತ್ತು.

"ಅಳಿಸಿದ್ದು ನಾನೇ ಅಕ್ಕ," ಅಂದ ಅವನು. "ಪ್ರತಿ ವರ್ಷ ಭಾವನೇ ಬೆರಳಿಟ್ಟು ತೋರಿಸ್ತಿದ್ರು, ಇಲ್ಲಿ ನೀಟಾಗಿರ್ಲಿ ಅಂತ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಗಂಡನಿಗೆ ಕಾಣದೆ ಇದ್ದಿದ್ದರೆ ಕ್ಷಮಿಸಿಬಿಡುತ್ತಿದ್ದಳು. ಇವನು ಕಂಡಿದ್ದ, ನಾಲ್ಕು ಸಲ ಬೆರಳಿಟ್ಟು ಕಂಡಿದ್ದ.

ಅಂದು ಮನೆಯಲ್ಲಿ ಕೇಳಿದಾಗ ಗಂಡ ಫ್ರೇಮೊಂದರ ತಿರುಪು ಬಿಗಿ ಮಾಡುತ್ತಿದ್ದ.

"ಕನ್ನಡಕದಂಗಡೀಲಿ ಗಂಟಿರೋ ಕಣ್ಣು ತೋರಿಸಿದ್ರೆ ಯಾರು ಒಳಗೆ ಬರ್ತಾರೆ?" ಅಂದ. "ಸಣ್ಣದಲ್ವಾ, ತಾನಾಗೇ ಹೋಗತ್ತೆ ಅಂದ್ಕೊಂಡೆ."

ಸ್ಕ್ಯಾನಿನಲ್ಲಿ ಅದು ಗೂಡಿಗೆ ಇಳಿದಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗಾಯಿತು. ಮೊದಲ ಫೋಟೊದ ಹೊತ್ತಿಗೇ ಬಂದಿದ್ದರೆ ಕಣ್ಣು ಉಳಿಯುತ್ತಿತ್ತು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಎಡಗಣ್ಣು ತೆಗೆದರು.

ಕಟ್ಟು ಬಿಚ್ಚಿದ ದಿನ ಗಂಡ ಅಂಗಡಿಯಲ್ಲಿದ್ದದ್ದರಲ್ಲೇ ಚೆಂದದ ಕಪ್ಪು ಕನ್ನಡಕ ಹಿಡಿದು ಬಂದ. ಅಗಲ ಕಡ್ಡಿಯದು, ಪಕ್ಕದಿಂದಲೂ ಏನೂ ಕಾಣುವುದಿಲ್ಲ ಎಂದು ವಿವರಿಸಿದ. ಅವಳು ಉಳಿದ ಕಣ್ಣಿನಲ್ಲಿ ಅದನ್ನು ತಿರುಗಿಸಿ ನೋಡಿದಳು. ಆಮೇಲೆ ಎರಡೂ ಕಡ್ಡಿ ಬಿಡಿಸಿ, ವರ್ಷ ವರ್ಷ ಅವನು ತನಗೆ ತೊಡಿಸುತ್ತಿದ್ದಷ್ಟೇ ನಾಜೂಕಾಗಿ ಅವನ ಮುಖಕ್ಕೇ ತೊಡಿಸಿದಳು.

"ನೀವೇ ಇಟ್ಕೊಳ್ಳಿ," ಅಂದಳು. "ಕಂಡೂ ಕಾಣದ ಹಾಗಿರೋದು ನಿಮಗೇ ರೂಢಿ."

ಮರುದಿನ ಗಾಜಿನ ಹಿಂದೆ ಅಳಿಸದ ನಾಲ್ಕು ಫೋಟೊ ಅಂಟಿಸಿ, ಗಲ್ಲಾದ ಹತ್ತಿರ ಬರಿಯ ಮುಖದಲ್ಲಿ ಕುಳಿತಳು. ಗಂಡ ಒಳಗೆ ಗಾಜು ಉಜ್ಜುತ್ತಿದ್ದ, ತಲೆ ಎತ್ತಲಿಲ್ಲ.