ಹುಳ ಮಲಗವೆ, ಮೆಲ್ಲಗೆ

ನಾನು ಒಂದು ಬಿದಿರು ತಟ್ಟೆ. ಅನ್ನ ಉಣ್ಣುವ ತಟ್ಟೆಯಲ್ಲ, ರೇಷ್ಮೆ ಹುಳ ಸಾಕುವ ಅಗಲದ ತಟ್ಟೆ. ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಮೇದರ ಕದಿರಮ್ಮ ಗುಡಿಸಲ ಮುಂದೆ ಕಾಲು ಚಾಚಿ ಕೂತು, ಹಸಿ ಬಿದಿರು ಸೀಳಿ ನನ್ನನ್ನು ಹೆಣೆದಳು. ಸಿಬಿರು ಚುಚ್ಚಿದಾಗ ಬೆರಳನ್ನು ಬಾಯಿಗಿಟ್ಟುಕೊಂಡು ನನ್ನನ್ನೇ ಬೈದಳು. ನಾನು ಕೇಳಿದ ಮೊದಲ ಮಾತು ಅದು.

ಸಂತೆಯಲ್ಲಿ ಪಿಳ್ಳಮ್ಮ ನನ್ನನ್ನು ತಟ್ಟಿ ನೋಡಿ ಕೊಂಡಳು. ಸಗಣಿ ಸಾರಿಸಿ, ಬಿಸಿಲಲ್ಲಿ ಒಣಗಿಸಿ, ಹುಳದ ಮನೆಯ ಸ್ಟ್ಯಾಂಡಿನ ಕೆಳಗಿನ ಸಾಲಿಗೆ ತಳ್ಳಿದಳು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಪಾದಗಳು, ಸೀರೆಯ ಅಂಚು. ಯಾರಾದರೂ ನೆಲಕ್ಕೆ ಕೂತರೆ, ಬಾಗಿದರೆ ಮಾತ್ರ ಮುಖ.

ಹುಳ ತನ್ನ ಬಾಳಿನಲ್ಲಿ ನಾಲ್ಕು ಸಲ ಮಲಗುತ್ತದೆ. ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಕದಲದೆ ಕೂರುತ್ತದೆ. ಒಳಗೊಳಗೇ ಹೊಸ ಚರ್ಮ ಬೆಳೆದು, ಹಳೇ ಪೊರೆ ಕಳಚಿ ಏಳುತ್ತದೆ. ಆ ಹೊತ್ತಲ್ಲಿ ಪಿಳ್ಳಮ್ಮನ ಮನೆಯಲ್ಲಿ ಒಗ್ಗರಣೆ ಇಲ್ಲ, ರೇಡಿಯೋ ಇಲ್ಲ. ಮಗ ಆಂಜಿನಪ್ಪ ಸೀನಬೇಕಾದರೆ ಬೀದಿಗೆ ಓಡಬೇಕು.

“ನಿದ್ದೆ ಕೆಡಿಸಿದ್ರೆ ಪೊರೆ ಅರ್ಧಕ್ಕೇ ನಿಂತೋಗ್ತದೆ ಕಣೋ,” ಎಂದು ಅವನಿಗೆ ಪಿಸುಗುಟ್ಟುತ್ತಿದ್ದಳು. “ಆಮೇಲೆ ಎಷ್ಟು ಸೊಪ್ಪು ಸುರಿದ್ರೂ ಮೈ ಹಿಡಿಯಲ್ಲ.”

ಆಂಜಿನಪ್ಪನ ಕೈ ಹಿಡಿದು ಮುನಿರತ್ನ ಈ ಮನೆಗೆ ಸೊಸೆಯಾಗಿ ಬಂದಳು. ಎಲ್ಲರೂ ಮಲಗಿದ ಮೇಲೆ ಹುಳಕ್ಕೆ ಸೊಪ್ಪು ಹಾಕುವವಳು ಅವಳು, ಕೋಳಿ ಕೂಗುವ ಮೊದಲೇ ಎದ್ದು ಹಾಕುವವಳೂ ಅವಳೇ. ನಡುವೆ ಸಿಕ್ಕಿದ್ದು ಒಂದು ತುಂಡು ನಿದ್ದೆ. ಹಗಲು ತೋಟದಿಂದ ಸೊಪ್ಪು ಹೊತ್ತು ತಂದು ಕೂತರೆ ರೆಪ್ಪೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಹೆಜ್ಜೆ ಸದ್ದು ಕೇಳಿದೊಡನೆ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಎದ್ದು, ಸೆರಗಿನಿಂದ ಮುಖ ಉಜ್ಜಿ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದಳು.

“ಹುಳ ನಾಲ್ಕು ಸಲ ಮಲಗ್ತವೆ, ನನ್ನ ಸೊಸೆ ನಲವತ್ತು ಸಲ,” ಎಂದು ಪಿಳ್ಳಮ್ಮ ಪಕ್ಕದ ಮನೆಯ ಚೌಡಕ್ಕನಿಗೆ ಹೇಳಿದಳು.

“ಹಂಗಾದ್ರೆ ಗೂಡು ದಪ್ಪನಾಗೇ ಕಟ್ತಾಳೆ ಬಿಡು!”

ಒಳಗೆ ಕೂತಿದ್ದ ಮುನಿರತ್ನಳ ಕಿವಿ ಕೆಂಪಾದದ್ದನ್ನು ನಾನು ಕಂಡೆ.

ಒಂದು ಮಧ್ಯಾಹ್ನ ಎಳೆ ಹುಳಗಳಿಗೆ ಸೊಪ್ಪು ಹೆಚ್ಚುತ್ತಿದ್ದವಳು ತೂಕಡಿಸಿದಳು. ಕತ್ತಿ ಎಡಗೈ ಹೆಬ್ಬೆರಳ ಬುಡಕ್ಕೆ ಇಳಿಯಿತು. “ಕತ್ತಿ ಜಾರ್ತು” ಎಂದಳು. ನಿದ್ದೆ ಬಂದಿತ್ತು ಎನ್ನಲು ನಾಲಿಗೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಮಾತ್ರೆ ಕೊಟ್ಟರು. ರಾತ್ರಿ ಚೆನ್ನಾಗಿ ಮಲಗಬೇಕು ಎಂದೂ ಹೇಳಿದ್ದರಂತೆ. ಅದನ್ನು ಅತ್ತೆಯ ಮುಂದೆ ಹೇಗೆ ಹೇಳುವುದು? ಗಂಡನ ಹತ್ತಿರ ಮೆಲ್ಲಗೆ ಹೇಳಿದಳು, ಅವನು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೊರಗೆ ಹೋದ. ಹೊಲಿಗೆ ಬಿಚ್ಚಿದ ಮೇಲೂ ಗಾಯ ಕೂಡಲಿಲ್ಲ. ಕಟ್ಟಿದ ಬಟ್ಟೆ ಬಿಚ್ಚಿದಾಗಲೆಲ್ಲ ಒದ್ದೆ. ಬೆರಳು ಉಳಿಯುತ್ತದೋ ಇಲ್ಲವೋ ಎಂದು ಗಂಡ ಹೆಂಡತಿ ಇಬ್ಬರಿಗೂ ಭಯ. ಆದರೂ ರಾತ್ರಿಯ ಸೊಪ್ಪು ಅವಳದೇ.

ಹುಳಗಳು ನಾಲ್ಕನೇ ಸಲ ಮಲಗಿದವು. ಅವುಗಳ ಮೇಲೆ ಸುಣ್ಣದ ಪುಡಿ ಉದುರಿಸಲು ಬಂದ ಮುನಿರತ್ನ ನನ್ನ ಪಕ್ಕ ಕುಸಿದು ಕೂತು, ಗೋಡೆಗೆ ತಲೆ ಆನಿಸಿ ನಿದ್ದೆಹೋದಳು. ಗಾಯದ ಕೈ ಮಡಿಲಲ್ಲಿ ಅಂಗಾತ ಬಿದ್ದಿತ್ತು.

ಪಿಳ್ಳಮ್ಮ ಒಳಗೆ ಬಂದು ಸೊಸೆಯ ಮೇಲೆ ಬಾಗಿದಳು. ಬೈಯಲು ಬಾಯಿ ತೆರೆದಳು. ಹುಳ ಮಲಗಿವೆ, ಬಾಯಿ ಮುಚ್ಚಿದಳು. ಕೂಗುವಂತಿಲ್ಲ. ತಿವಿದರೆ ಇವಳು ಬೆದರಿ ಸ್ಟ್ಯಾಂಡಿಗೆ ಬಡಿದುಕೊಂಡಾಳು. ಏನೂ ಮಾಡಲಾಗದೆ ಹಾಗೇ ಬಾಗಿ ನಿಂತಳು, ನಿಂತು ನೋಡಿದಳು. ಸೊಸೆಯ ಮುಖವನ್ನು ಅವಳು ಅಷ್ಟು ಹೊತ್ತು ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ಮೆಲ್ಲಗೆ ಕೂತು, ಸಡಿಲವಾದ ಬಟ್ಟೆಯ ಸಂದಿಯಲ್ಲಿ ಬಾಯಿ ಬಿಟ್ಟಿದ್ದ ಗಾಯ ನೋಡಿದಳು. ನನ್ನ ಮೇಲಿನ ಹುಳಗಳನ್ನು ನೋಡಿದಳು. ಅವಳ ಕತ್ತು ತಗ್ಗಿತು.

“ಪಿಳ್ಳಮ್ಮಕ್ಕಾ, ಸೊಸೆ ಎಲ್ಲಮ್ಮಾ?” ಹೊರಗೆ ಚೌಡಕ್ಕನ ದನಿ.

ಪಿಳ್ಳಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಳು. “ಹುಳ ಮಲಗವೆ, ಮೆಲ್ಲಗೆ ಮಾತಾಡು.”

ಸೊಸೆ ಮಲಗಿದ್ದಾಳೆ ಎನ್ನಲು ಅವಳಿಗೂ ನಾಚಿಕೆ.

ಹುಳ ಎದ್ದ ಮೇಲೆ ರಾತ್ರಿಯ ಸೊಪ್ಪು ಆಂಜಿನಪ್ಪ ಹಾಕಿದ, ನಸುಕಿನದು ಪಿಳ್ಳಮ್ಮ. ಮುನಿರತ್ನ ಬೆಳಕು ಹರಿಯುವವರೆಗೆ ಒಂದೇ ಸಮನೆ ಮಲಗಿದಳು. “ಅಯ್ಯೋ ಅತ್ತೆ, ಏಳಿಸಬಾರದಾ?” ಎನ್ನುತ್ತ ಚಾಪೆ ಸುತ್ತುವಾಗ ಅವಳು ಕಣ್ಣೆತ್ತುತ್ತಿರಲಿಲ್ಲ. ಪಿಳ್ಳಮ್ಮನೂ ಎತ್ತುತ್ತಿರಲಿಲ್ಲ. ಹುಳ ಗೂಡು ಕಟ್ಟುವ ಹೊತ್ತಿಗೆ ಗಾಯದ ಅಂಚುಗಳು ಕೂಡಿ, ಮೇಲೆ ತೆಳ್ಳನೆ ಹೊಸ ಚರ್ಮ ಬಂದಿತ್ತು.

ಆಮೇಲೆ ತಟ್ಟೆಗಳ ಬದಲು ಕಬ್ಬಿಣದ ಅಂತಸ್ತುಗಳು ಬಂದವು, ಹುಳದ ಮನೆ ತೋಟಕ್ಕೆ ಹೋಯಿತು. ನಾನು ಅಟ್ಟ ಸೇರಿದೆ. ಸಗಣಿ ಉದುರಿತು, ಒಂದು ಕಡೆ ಇಲಿ ಕಡಿಯಿತು.

ಅಟ್ಟದಿಂದ ಇಳಿದು ಈಗ ನನ್ನ ಜಾಗ ನಡುಮನೆಯ ಕಿಟಕಿಯ ಬದಿ. ಮುದುಕಿಯಾದ ಪಿಳ್ಳಮ್ಮನಿಗೆ ಮಂಡಿನೋವು, ರಾತ್ರಿ ನಿದ್ದೆ ಹತ್ತುವುದಿಲ್ಲ. ಮಧ್ಯಾಹ್ನ ಉಂಡ ಮೇಲೆ ಕಣ್ಣು ಎಳೆಯುತ್ತದೆ. ಯಾರಾದರೂ ಬಂದರೆ ತಡಬಡಾಯಿಸಿ ಎದ್ದು, “ಮಲಗಿರ್ಲಿಲ್ಲ ಕಣೇ, ಸುಮ್ನೆ ಕಣ್ಮುಚ್ಚಿದ್ದೆ” ಎನ್ನುತ್ತಾಳೆ. ಮುನಿರತ್ನ ನನ್ನನ್ನು ಕಿಟಕಿಗೆ ಅಡ್ಡ ಇಡುತ್ತಾಳೆ. ಬೆಳಕು ತಗ್ಗುತ್ತದೆ.

ನಿನ್ನೆ ಚೌಡಕ್ಕ ಕೋಲೂರಿಕೊಂಡು ಬಂದಳು. “ಎಲ್ಲೇ ನಿಮ್ಮತ್ತೆ?”

ಮುನಿರತ್ನ ಬಾಗಿಲಿಗೆ ಅಡ್ಡ ನಿಂತಳು. “ಹುಳ ಮಲಗವೆ ದೊಡ್ಡಮ್ಮಾ, ಮೆಲ್ಲಗೆ.”

ಈ ಮನೆಯಲ್ಲಿ ಹುಳ ಇಲ್ಲವೆಂದು ಚೌಡಕ್ಕನಿಗೆ ಗೊತ್ತು. ಆದರೂ ಕೋಲನ್ನು ನೆಲಕ್ಕೆ ತಾಗಿಸದೆ ಎತ್ತಿಕೊಂಡು, ಗೋಡೆ ಹಿಡಿದು ವಾಪಸು ಹೋದಳು.

ಅರ್ಧ ಎದ್ದಿದ್ದ ಪಿಳ್ಳಮ್ಮ ಆ ಮಾತು ಕೇಳಿದಳು. ಮತ್ತೆ ಮಲಗಿ, ಮುಖದ ಮೇಲೆ ಸೆರಗು ಎಳೆದುಕೊಂಡಳು. ನಾಚಿಕೆ ಬಿಟ್ಟು ಮಲಗುವುದನ್ನು ಈ ಮನೆಯಲ್ಲಿ ಅಲ್ಲಿಯವರೆಗೆ ನಾನು ಹುಳಗಳಲ್ಲಿ ಮಾತ್ರ ಕಂಡಿದ್ದೆ. ಇಲಿ ಕಡಿದ ತೂತಿನಿಂದ ಒಂದು ಚೂರು ಬಿಸಿಲು ಅವಳ ಎದೆಯ ಮೇಲೆ ಬಿದ್ದಿತ್ತು. ಬಹಳ ಹೊತ್ತಾದ ಮೇಲೆ ಅದು ಒಂದೇ ಸಮನೆ ಏರಿ ಇಳಿಯತೊಡಗಿತು.